ನಾಲ್ಕು ದಿನಕ್ಕೆ ಬಂದವಳು

ಖಾಲಾ ಅವರ ಮನೆ, ಗುಡಗೇರಿ
೧೦ ಜೂನ್ ೨೦೨೪

ನಂದಾ,

ಈ ಕಾಲದಲ್ಲೂ ಕಾಗದ ಬರೆಯುವವರು ಇದ್ದಾರೇನೇ ಎಂದು ನಗಬೇಡ. ನನ್ನ ಮೊಬೈಲು ಬಮ್ಮಿಗಟ್ಟಿಯಲ್ಲೇ, ನನ್ನ ಗಂಡ ಸರ್ಫರಾಜನ ಜೇಬಿನಲ್ಲಿ ಉಳಿಯಿತು. ಖಾಲಾ ಫೋನಿನಿಂದ ನಿನಗೆ ಹಚ್ಚಬಹುದಿತ್ತು. ಆದರೆ ನಿಮ್ಮ ಯಜಮಾನರು ಕಾಶಿನಾಥಣ್ಣ ನಿನ್ನ ಫೋನು ತೆಗೆದು ನೋಡುತ್ತಾರೆ, ನೋಡಿದ್ದು ಸಂಜೆಯೊಳಗೆ ಸರ್ಫರಾಜನ ಗ್ಯಾರೇಜಿಗೆ ಮುಟ್ಟುತ್ತದೆ. ಅವರಿಬ್ಬರ ಗೆಳೆತನ ನಮ್ಮಿಬ್ಬರದಕ್ಕಿಂತ ಹಳೆಯದು. ಅದಕ್ಕೇ ನಿನ್ನ ಪಂಚಾಯಿತಿ ಲೈಬ್ರರಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಅಲ್ಲಿಗೆ ಬಂದ ಟಪಾಲು ಬಿಚ್ಚುವವಳು ನೀನೊಬ್ಬಳೇ ಅಲ್ಲವೇ?

ಬಂದು ಎಂಟು ದಿನವಾಯಿತು. ನಾನು, ಮಗಳು ಇರಮ್, ಒಂದು ಚೀಲ. ಎಡಗೈಗೆ ಪಟ್ಟಿ ಕಟ್ಟಿದ್ದಾರೆ. ಬಚ್ಚಲದಲ್ಲಿ ಜಾರಿ ಬಿದ್ದೆ ಎಂದು ಇಲ್ಲಿಯ ಡಾಕ್ಟರಿಗೆ ಹೇಳಿದೆ. ಅವರು ನನ್ನ ಮುಖ ನೋಡಿದರು, ಮತ್ತೇನೂ ಕೇಳದೆ ಚೀಟಿ ಬರೆದುಕೊಟ್ಟರು. ಆ ಸಂಜೆ ನಿಮ್ಮ ಮನೆಯಲ್ಲಿ ಧಾರಾವಾಹಿ ನಡೆದಿತ್ತು. ನಡುವೆ ಒಂದೇ ಗೋಡೆಯಾದರೂ ಟಿ.ವಿ. ಸದ್ದಿನಲ್ಲಿ ನಿನಗೇನೂ ಕೇಳಿಸಿರಲಿಕ್ಕಿಲ್ಲ ಬಿಡು.

ಅಮ್ಮ ತೀರಿಕೊಂಡ ಮೇಲೆ ನನಗೆ ತವರು ಅಂದರೆ ಅವಳ ತಂಗಿ ಜುಲೇಖಾಬಿ ಖಾಲಾಳ ಈ ಮನೆಯೇ. ಬಂದವಳನ್ನು ಏನು, ಎತ್ತ ಎಂದು ಕೇಳದೆ ಒಳಗೆ ಕರೆದುಕೊಂಡಳು. ಆದರೆ ಬಾಗಿಲಿಗೆ ಯಾರೇ ಬರಲಿ, ಅವರು ಕೇಳುವ ಮೊದಲೇ ಶುರು: "ನಾಲ್ಕ್ ದಿವಸ ಬಂದಾಳವಾ, ಮತ್ತ ಹೋಗ್ತಾಳ." ಹಾಲಿನವಳಿಗೂ ಅಷ್ಟೇ, ಬಾಜು ಮನೆಯವರಿಗೂ ಅಷ್ಟೇ. ಎಂಟನೇ ದಿನವೂ ನಾಲ್ಕೇ ದಿನ. ಗಂಡನ ಮನೆ ಬಿಟ್ಟು ಬಂದವಳು ಎಂದು ಯಾರೂ ಬಾಯಿ ಬಿಡಬಾರದೆಂದು ನನಗೆ ಹೀಗೊಂದು ಚಾದರ ಹೊದಿಸಿದ್ದಾಳೆ.

ಒಂದು ಮಾತು ಕೇಳುವುದಿದೆ. ಖಾಲಾ ಫೋನಿಗೆ ಸರ್ಫರಾಜ್ ಎರಡು ಸಲ ಹಚ್ಚಿದ್ದ. ನಾನು ತಿರುಗಿ ಬರದಿದ್ದರೆ ಇರಮ್‌ಳನ್ನು ಎಲ್ಲಿದ್ದರೂ ಎತ್ತಿಕೊಂಡು ಹೋಗುತ್ತಾನಂತೆ. ಅವನು ನಮ್ಮ ಹತ್ತಿರ ಸುಳಿಯದಂತೆ ಕೋರ್ಟಿನಿಂದ ರಕ್ಷಣಾ ಆದೇಶ ತರಬಹುದು ಎಂದು ಕೇಳಿದ್ದೇನೆ. ಅದನ್ನು ಯಾವ ಊರಿನ ಕೋರ್ಟಿನಲ್ಲಿ ಕೇಳಬೇಕು? ನೀನು ದಿನವೂ ಪುಸ್ತಕದ ನಡುವೆ ಕೂತವಳು. ವಿಚಾರಿಸಿ ಬರೆ.

ನಿನ್ನ
ರೂಬಿನಾ

*

ಲೈಬ್ರರಿ, ಬಮ್ಮಿಗಟ್ಟಿ
೧೯ ಜೂನ್ ೨೦೨೪

ರೂಬಿ,

ನಿನ್ನ ಕಾಗದವನ್ನು ಮಕ್ಕಳ ಕಥೆ ಪುಸ್ತಕದೊಳಗೆ ಬಚ್ಚಿಟ್ಟಿದ್ದೆ. ಒಂದು ಹುಡುಗಿ ಸರಿಯಾಗಿ ಅದೇ ಪುಸ್ತಕ ಕೇಳಬೇಕೇ? ಅದು ಹರಿದಿದೆ ಎಂದು ಸುಳ್ಳು ಹೇಳಿ ಬೇರೆ ಕೊಟ್ಟು ಕಳಿಸಿದೆ. ಆ ಮಗುವಿಗೆ ಸುಳ್ಳು ಹೇಳಿದ್ದಕ್ಕೆ ನೀನೇ ಹೊಣೆ.

ನೀನು ಹೇಳಿದ್ದು ನಿಜ, ಆ ಸಂಜೆ ಧಾರಾವಾಹಿ ನಡೆದಿತ್ತು.

ನಿನ್ನ ಪ್ರಶ್ನೆಯನ್ನು ಹೆಸರು ಹೇಳದೆ ಶಿದ್ಲಿಂಗಪ್ಪ ಕಾಕಾನ ಮುಂದೆ ಇಟ್ಟೆ. ಕಲಘಟಗಿ ತಹಶೀಲ್ದಾರ್ ಕಚೇರಿ ಎದುರು ಮೂವತ್ತು ವರ್ಷದಿಂದ ಅರ್ಜಿ ಬರೆಯುವ ಮನುಷ್ಯ, ತಿಳಿಯದ್ದಿಲ್ಲ. ಯೋಚಿಸಲಿಕ್ಕೂ ಹೋಗಲಿಲ್ಲ. "ಹೊಲ ಎಲ್ಲೈತಿ, ಕೇಸ ಅಲ್ಲೇ. ಜಗಳ ಎಲ್ಲಾತು, ಕೇಸ ಅಲ್ಲೇ. ಬ್ಯಾರೆ ಊರಾಗ ಹಾಕಿದ್ರ ಹೊಳ್ಳಿಸಿ ಕಳಸ್ತಾರ, ಸುಮ್ಮ ಅಡ್ಡಾಡಿ ಸಾಯಬ್ಯಾಡ್ರಿ" ಎಂದ. ಅಂದರೆ ನೀನು ನಮ್ಮ ತಾಲೂಕಿನ ಕಲಘಟಗಿಗೇ ಬರಬೇಕು. ಇದೇ ಇಪ್ಪತ್ತೆಂಟು, ಶುಕ್ರವಾರ ಬಾ. ಹನ್ನೊಂದಕ್ಕೆ ಕೋರ್ಟಿನ ಗೇಟಿನಲ್ಲಿ ನಿಂತಿರುತ್ತೇನೆ. ಜಿಲ್ಲಾ ಲೈಬ್ರರಿಯ ಮೀಟಿಂಗು ಎಂದು ಮನೆಯಲ್ಲಿ ಹೇಳುತ್ತೇನೆ.

ಇಲ್ಲಿ ನಿನ್ನ ಗಂಡನೂ ಅದೇ ರಾಗ ಹಾಡುತ್ತಿದ್ದಾನೆ. "ಖಾಲಾಗ ಆರಾಮಿಲ್ಲ, ನಾಲ್ಕ್ ದಿವಸ ಹೋಗ್ಯಾಳ" ಎಂದು ಗ್ಯಾರೇಜಿಗೆ ಬಂದವರಿಗೆಲ್ಲ ಹೇಳುತ್ತಾನೆ. ಮುಖ ಇಳಿದಿದೆ. ಇಷ್ಟಕ್ಕೂ ಕೋರ್ಟಿಗೇ ಹೋಗಬೇಕೇನೇ, ರೂಬಿ? ಹಿರಿಯರು ನಾಲ್ವರು ಕೂತು ಬುದ್ಧಿ ಹೇಳಿದರೆ ಸರಿಹೋದೀತು ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಸಿಟ್ಟಾಗಬೇಡ.

ನಂದಾ

*

ಖಾಲಾ ಅವರ ಮನೆ, ಗುಡಗೇರಿ
೧ ಜುಲೈ ೨೦೨೪

ನಂದಾ,

ಬಂದಿದ್ದೆ. ಬಂದು ಬಸ್ಸಿನಿಂದ ಇಳಿಯದೆ ತಿರುಗಿ ಹೋದೆ.

ಬೆಳಿಗ್ಗೆ ರೈಲಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಕಲಘಟಗಿ ಬಸ್ಸು. ಬಸ್‌ಸ್ಟ್ಯಾಂಡು ಹೊಕ್ಕಾಗ ಕಿಟಕಿಯಿಂದ ನೋಡಿದರೆ ಚಹಾದ ಅಂಗಡಿ ಮುಂದೆ ಸರ್ಫರಾಜ್ ನಿಂತಿದ್ದ. ನನ್ನನ್ನು ಅಕಸ್ಮಾತ್ ಕಂಡವನ ಹಾಗೆ ಇರಲಿಲ್ಲ. ಕಾಯುತ್ತಿದ್ದ. ಕಿಟಕಿಯ ಕೆಳಗೆ ಬಂದು ನಗುತ್ತ ಮೆಲ್ಲಗೆ ಅಂದ: "ಇಳಿ, ಮನಿಗೆ ಹೋಗೂಣು. ಮಂದಿ ನೋಡಾಕತ್ತಾರ." ಅವನು ಬೈದಿದ್ದರೆ ಬಹುಶಃ ಇಳಿದು ನಾಲ್ಕು ಜನರ ಮುಂದೆ ಉತ್ತರ ಕೊಡುತ್ತಿದ್ದೆ. ಆ ಮೆಲುದನಿ ಕೇಳಿ ಸೀಟಿನಲ್ಲೇ ಕೂತುಬಿಟ್ಟೆ.

ಎಲ್ಲರೂ ಇಳಿದರು. ಕಂಡಕ್ಟರು "ಇಳೀರಿ ಅಕ್ಕಾರ, ಕಲಘಟಗಿ ಬಂತು" ಅಂದ. "ಇಲ್ರಿ, ಹುಬ್ಬಳ್ಳಿಗೆ ಕೊಡ್ರಿ" ಎಂದು ಮತ್ತೆ ಆಧಾರ್ ಕಾರ್ಡು ಚಾಚಿದೆ. ಅವನು ಕಾರ್ಡು ನೋಡಿ, ಕೆಳಗೆ ನಿಂತವನನ್ನು ನೋಡಿ, ಹೆಂಗಸರ ಉಚಿತ ಟಿಕೆಟ್ಟು ಹರಿದುಕೊಟ್ಟು ಬಾಗಿಲು ಹಾಕಿದ. ಅವನ ಹೆಸರೂ ಗೊತ್ತಿಲ್ಲ. ಅಲ್ಲಾಹ ಅವನ ಮಕ್ಕಳನ್ನು ಚೆನ್ನಾಗಿಟ್ಟಿರಲಿ.

ನಾನು ಬರುವುದು ಅವನಿಗೆ ಹೇಗೆ ತಿಳಿಯಿತು? ಆ ಶಿದ್ಲಿಂಗಪ್ಪ ಕಾಕಾನೇ ಹೇಳಿರಬೇಕು. ನೀನು ಹೆಸರು ಹೇಳದಿದ್ದರೇನು, ಬಮ್ಮಿಗಟ್ಟಿಯಿಂದ ಓಡಿಹೋದ ಹೆಂಗಸರು ಎಷ್ಟು ಮಂದಿ ಇದ್ದಾರೆ? ನೀನು ಪಾಪ ಗೇಟಿನಲ್ಲಿ ಎಷ್ಟು ಹೊತ್ತು ನಿಂತೆಯೋ.

ಇನ್ನು ಕಲಘಟಗಿಗೆ ಬರಲಾರೆ. ಆ ಆದೇಶ ಅಲ್ಲೊಂದೇ ಸಿಗುವುದಾದರೆ ನನಗೆ ಬೇಡ. ಅವನಿಂದ ಕಾಪಾಡಿ ಎಂದು ಕೇಳುವುದಕ್ಕೆ ಅವನ ಬಾಗಿಲ ಮುಂದೆಯೇ ಹಾದು ಹೋಗಬೇಕು ಎನ್ನುವ ಕಾನೂನು ಬರೆದವರು ಯಾರು?

ರೂಬಿನಾ

*

ಲೈಬ್ರರಿ, ಬಮ್ಮಿಗಟ್ಟಿ
೧೧ ಜುಲೈ ೨೦೨೪

ರೂಬಿ,

ಗೇಟಿನಲ್ಲಿ ಒಂದು ಗಂಟೆಯವರೆಗೆ ನಿಂತಿದ್ದೆ. ಅದರ ಬಗ್ಗೆ ಈಗ ಹೆಚ್ಚು ಬರೆಯಲಾರೆ.

ನಿನ್ನ ಕೊನೆಯ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಲೈಬ್ರರಿಯಲ್ಲಿ ಕಾನೂನು ಅರಿವಿನ ಪುಸ್ತಿಕೆಗಳ ಕಟ್ಟೊಂದು ಬಂದು ಬಿದ್ದು ಎರಡು ವರ್ಷವಾಗಿತ್ತು, ಹುರಿ ಕೂಡ ಬಿಚ್ಚಿರಲಿಲ್ಲ. ಪುಸ್ತಕದ ನಡುವೆ ಕೂತವಳು ಎಂದು ನೀನು ಬರೆದಾಗ ಹೆಮ್ಮೆಪಟ್ಟಿದ್ದೆ ನೋಡು. ಮೊನ್ನೆ ಬಿಚ್ಚಿ ಓದಿದೆ. ಕೌಟುಂಬಿಕ ದೌರ್ಜನ್ಯದ ಕಾಯಿದೆಯಲ್ಲಿ ಇಪ್ಪತ್ತೇಳನೆಯ ಕಲಮು. ತೊಂದರೆಗೆ ಒಳಗಾದ ಹೆಂಗಸು ಕಾಯಂ ಆಗಿಯಾಗಲಿ ತಾತ್ಕಾಲಿಕವಾಗಿಯಾಗಲಿ ಎಲ್ಲಿ ವಾಸವಾಗಿದ್ದಾಳೋ, ಎಲ್ಲಿ ದುಡಿಯುತ್ತಾಳೋ, ಆ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕೇಳಬಹುದು. ಗಂಡ ಇರುವ ಊರಿನಲ್ಲೂ ಕೇಳಬಹುದು, ಹೊಡೆತ ಬಿದ್ದ ಊರಿನಲ್ಲೂ ಕೇಳಬಹುದು. ಆಯ್ಕೆ ಅವಳದು. ಎಲ್ಲಿಯ ಕೋರ್ಟು ಆದೇಶ ಕೊಟ್ಟರೂ ಅದು ಇಡೀ ದೇಶದಲ್ಲಿ ನಡೆಯುತ್ತದೆ.

ಅಂದರೆ ಗುಡಗೇರಿಯಲ್ಲಿರುವ ನಿನಗೆ ಆ ತಾಲೂಕಿನ ಕುಂದಗೋಳ ಕೋರ್ಟೇ ಸಾಕು. ಶಿದ್ಲಿಂಗಪ್ಪ ಕಾಕಾ ಮೂವತ್ತು ವರ್ಷ ಬರೆದದ್ದು ಹೊಲದ ಅರ್ಜಿ. ಹೊಲ ಎದ್ದು ಬೇರೆ ಊರಿಗೆ ಹೋಗುವುದಿಲ್ಲ, ಅವನಿಗೆ ಅಷ್ಟೇ ಗೊತ್ತು. ಜೀವ ಉಳಿಸಿಕೊಳ್ಳಲು ಹೋದವಳ ಜೊತೆ ಕೋರ್ಟೂ ಹೋಗುತ್ತದೆ ಎಂಬುದು ಅವನಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಪುಸ್ತಿಕೆಯನ್ನು ಇದರ ಜೊತೆ ಇಟ್ಟಿದ್ದೇನೆ. ಕೋರ್ಟಿನಲ್ಲಿ ಉಚಿತವಾಗಿ ವಕೀಲರನ್ನೂ ಕೊಡುತ್ತಾರಂತೆ.

ಕಾಕಾನ ಮೇಲೆ ಸಿಟ್ಟಾಗಬೇಡ, ಅವನು ಯಾರಿಗೂ ಹೇಳಿರಲಿಕ್ಕಿಲ್ಲ. ಮತ್ತು ನೀನು ಯಾವ ದಿನ ಕುಂದಗೋಳಕ್ಕೆ ಹೋಗುತ್ತೀ ಎಂದು ನನಗೂ ತಿಳಿಸಬೇಡ. ಹೋಗಿ ಬಂದ ಮೇಲೆ ಬರೆ.

ನಂದಾ

*

ಖಾಲಾ ಅವರ ಮನೆ, ಗುಡಗೇರಿ
೨ ಆಗಸ್ಟ್ ೨೦೨೪

ನಂದಾ,

ನೀನು ಹೇಳಿದ ಹಾಗೆ ಹೋಗಿ ಬಂದ ಮೇಲೆಯೇ ಬರೆಯುತ್ತಿದ್ದೇನೆ. ಹೋದ ತಿಂಗಳು ಹದಿನೆಂಟನೆಯ ತಾರೀಖು ಕುಂದಗೋಳದಲ್ಲಿ ಅರ್ಜಿ ಹಾಕಿದೆ. ನಾಜಮೀನ್ ಎಂಬ ವಕೀಲರನ್ನು ಕೊಟ್ಟರು. ನನಗಿಂತ ಸಣ್ಣವಳು, ಮಾತು ಮಾತ್ರ ಖಡಕ್. "ಬಚ್ಚಲದಾಗ ಜಾರಿದ್ರೋ, ಯಾರರೆ ಕೆಡವಿದ್ರೋ? ನನ್ನ ಮುಂದೂ ಬಚ್ಚಲಾ ಅಂದ್ರ ನಾ ಏನ್ ಬರೀಲಿ?" ಎಂದು ಕೇಳಿದಳು. ಆಗ ಹೇಳಿದೆ. ಎಂಟು ವರ್ಷದ್ದನ್ನು ಒಂದು ತಾಸಿನಲ್ಲಿ ಹೇಳಿ ಮುಗಿಸಿದೆ. ಇಷ್ಟೇನಾ ಅನ್ನಿಸಿತು.

ಆಮೇಲೆ ಕೆಟ್ಟಿತು. ರಕ್ಷಣಾಧಿಕಾರಿ ಮೇಡಂ ಕೋರ್ಟಿಗೆ ಕೊಡುವ ವರದಿ ಬರೆಯಲು ಮನೆಗೆ ಬಂದರು. ನಾನು ಸಂತೆಗೆ ಹೋಗಿದ್ದೆ. ಅವರ ಕೈಯಲ್ಲಿ ಫೈಲು ನೋಡಿ ಖಾಲಾ ಹೆದರಿದ್ದಾಳೆ. ಹೆದರಿದಾಗ ಅವಳ ಬಾಯಿಗೆ ಬರುವುದು ಒಂದೇ ಮಾತು: "ನಾಲ್ಕ್ ದಿವಸ ಬಂದಾಳ್ರಿ ಮೇಡಂ, ಮತ್ತ ಗಂಡನ ಮನಿಗೆ ಹೋಗ್ತಾಳ್ರಿ." ಮೇಡಂ ಕೇಳಿದ್ದನ್ನು ಬರೆದುಕೊಂಡರು. ಅವರ ತಪ್ಪಿಲ್ಲ.

ಮೂವತ್ತನೆಯ ತಾರೀಖು ಸರ್ಫರಾಜ್ ವಕೀಲರನ್ನು ಕರೆದುಕೊಂಡು ಬಂದ. ಆ ವಕೀಲರು ವರದಿಯ ಅದೇ ಸಾಲನ್ನು ಎರಡು ಸಲ ಓದಿದರು. ಈಕೆ ಇಲ್ಲಿ ವಾಸವಿಲ್ಲ, ಬೀಗರ ಮನೆಗೆ ಬಂದ ಹಾಗೆ ಬಂದಿದ್ದಾಳೆ, ಆಧಾರೂ ರೇಷನ್ ಕಾರ್ಡೂ ಬಮ್ಮಿಗಟ್ಟಿಯವು, ಈ ಕೋರ್ಟಿಗೆ ಅಧಿಕಾರವೇ ಇಲ್ಲ ಎಂದರು. ತಾತ್ಕಾಲಿಕ ವಾಸ ಸಾಕು, ಆದರೆ ಸುಮ್ಮನೆ ಬಂದು ಹೋಗುವುದು ವಾಸವಲ್ಲ, ಇಲ್ಲಿದ್ದೀರಿ ಎನ್ನಲು ಏನಾದರೂ ತನ್ನಿ ಎಂದು ನ್ಯಾಯಾಧೀಶರು ಇಪ್ಪತ್ತನೆಯ ತಾರೀಖು ಕೊಟ್ಟರು. ಅವತ್ತು ತೋರಿಸಲಾಗದಿದ್ದರೆ ಅರ್ಜಿ ಹೋಯಿತು. ಮತ್ತೆ ಕಲಘಟಗಿಯೇ.

ಮನೆಗೆ ಬಂದು ಖಾಲಾ ಮೇಲೆ ಕೂಗಾಡಿದೆ. ನನ್ನ ಮರ್ಯಾದೆ ಮುಚ್ಚಲು ಹೋಗಿ ನನ್ನನ್ನೇ ಮುಚ್ಚಿಬಿಟ್ಟೆ ಎಂದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಲೆ ಮುಂದೆ ಕೂತಳು. ಅವಳನ್ನು ಬೈದ ಮೇಲೆ ನನಗೇ ನಾಚಿಕೆಯಾಯಿತು. ಏಕೆಂದರೆ ನಿನಗೆ ಹೇಳದ ಮಾತೊಂದಿದೆ. ಎರಡು ತಿಂಗಳಾದರೂ ನಾನು ಇರಮ್‌ಳ ಹೆಸರನ್ನು ಇಲ್ಲಿಯ ಶಾಲೆಯಲ್ಲಿ ಹಚ್ಚಿಸಿಲ್ಲ. ನಾಲ್ಕು ದಿನಕ್ಕೆ ಬಂದವರ ಮಕ್ಕಳು ಹೋಗಿ ಕೂತು ಬರುತ್ತಾರಲ್ಲ, ಹಾಗೆ ಕಳಿಸುತ್ತಿದ್ದೆ. ಹೆಸರು ಹಚ್ಚಿಸಿದರೆ ತಿರುಗಿ ಹೋಗುವುದಿಲ್ಲ ಎಂದು ನಾನೇ ಒಪ್ಪಿಕೊಂಡಂತೆ. ಖಾಲಾ ಬಾಯಿಂದ ಹೇಳುತ್ತಿದ್ದುದನ್ನು ನಾನು ಒಳಗೊಳಗೇ ಹೇಳುತ್ತಿದ್ದೆ.

ಈಗ ಕೇಳಬೇಕಾದದ್ದು. ನನ್ನ ಹೆಸರು ಮತ್ತು ಈ ಮನೆಯ ವಿಳಾಸ ಎರಡೂ ಒಟ್ಟಿಗೆ ಇರುವ ಕಾಗದ ಇಡೀ ಜಗತ್ತಿನಲ್ಲಿ ನಿನ್ನ ಲಕೋಟೆಗಳು ಮಾತ್ರ. ಅಂಚೆಯ ಮುದ್ರೆಯಿದೆ, ತಾರೀಖಿದೆ. ಕೊಡೋಣ ಎನ್ನುತ್ತಾಳೆ ನಾಜಮೀನ್. ಆದರೆ ಎದುರಿನವರು ಒಳಗಿನ ಕಾಗದವನ್ನೂ ಕೇಳಬಹುದಂತೆ, ಬರೆದವರು ಯಾರೆಂದೂ ಕೇಳಬಹುದಂತೆ. ನಿನ್ನ ಹೆಸರು ಸರ್ಫರಾಜನ ಎದುರಿಗೆ ಬರುತ್ತದೆ, ಅವತ್ತೇ ನಿಮ್ಮ ಮನೆಗೂ ಮುಟ್ಟುತ್ತದೆ. ನೀನು ಹೂಂ ಅಂದರೆ ಮಾತ್ರ ಕೊಡುತ್ತೇನೆ.

ರೂಬಿನಾ

*

ಖಾಲಾ ಅವರ ಮನೆ, ಗುಡಗೇರಿ
೧೨ ಆಗಸ್ಟ್ ೨೦೨೪

ನಂದಾ,

ಹತ್ತು ದಿನವಾಯಿತು, ಉತ್ತರವಿಲ್ಲ. ದಿನವೂ ಪೋಸ್ಟಿನವರ ದಾರಿ ನೋಡಿದೆ. ಇವತ್ತು ಅವರೇ "ಏನೂ ಇಲ್ರಿ" ಎಂದು ದೂರದಿಂದಲೇ ಕೈ ಆಡಿಸಿ ಹೋದರು.

ಅರ್ಥವಾಯಿತು. ಲಕೋಟೆಗಳನ್ನು ಕೊಡುವುದಿಲ್ಲ. ನೀನೂ ಒಂದು ಮನೆಯಲ್ಲಿ ಇರಬೇಕಾದವಳು. ನನ್ನ ಸಲುವಾಗಿ ನಿನ್ನ ಮನೆ ಕೆಡುವುದು ಬೇಡ. ಆದರೂ ಬೇಡ ಎಂದು ಒಂದು ಸಾಲು ಬರೆಯಬಹುದಿತ್ತು.

ಎಂಟನೆಯ ತಾರೀಖು ಇರಮ್‌ಳ ಕೈ ಹಿಡಿದುಕೊಂಡು ಶಾಲೆಗೆ ಹೋದೆ. "ಎಷ್ಟ್ ದಿನಾ ಇರ್ತೀರಿ? ನಾಲ್ಕ್ ದಿನಕ್ಕಂದ್ರ ಹಂಗ ಕುಂದರ್ಲಿ, ಹೆಸರ್ಯಾಕ?" ಎಂದು ಹೆಡ್ ಮಾಸ್ತರು ಕೇಳಿದರು. "ಹೆಸರ ಹಚ್ರಿ ಸರ್" ಎಂದೆ. ಅವರು ಪೆನ್ನು ತೆಗೆಯುವ ತನಕ ಅಲ್ಲಿಂದ ಕದಲಲಿಲ್ಲ. ಎರಡು ದಿನ ಬಿಟ್ಟು ದೃಢೀಕರಣ ಪತ್ರ ಕೊಟ್ಟರು. ಬಹಳ ತಡವಾಗಿ ಹಚ್ಚಿದ್ದೀರಿ, ಕೇಸಿನ ಸಲುವಾಗಿಯೇ ಹಚ್ಚಿದ್ದು ಎನ್ನುತ್ತಾರೆ ಎಂದು ನಾಜಮೀನ್ ಮುಖ ಸಣ್ಣ ಮಾಡಿದಳು.

ಆದದ್ದು ಆಗಲಿ.

ರೂಬಿನಾ

*

ಲೈಬ್ರರಿ, ಬಮ್ಮಿಗಟ್ಟಿ
೧೩ ಆಗಸ್ಟ್ ೨೦೨೪

ರೂಬಿ,

ನಿನ್ನ ಎರಡನೆಯ ತಾರೀಖಿನ ಕಾಗದ ಬಂದು ಆರು ದಿನವಾಯಿತು. ಉತ್ತರ ಬರೆಯಲು ನಾಲ್ಕು ಸಲ ಕೂತೆ, ನಾಲ್ಕು ಸಲ ಹರಿದು ಹಾಕಿದೆ.

ಲಕೋಟೆ ಕೊಡು ಎನ್ನುವುದು ಸುಲಭ. ಒಳಗಿನ ಕಾಗದ ಓದಿದರೂ, ನೀನು ನನ್ನನ್ನು ಸುಮ್ಮನೆ ಒಳ್ಳೆಯವಳು ಅಂದುಕೊಂಡಿದ್ದೀ ಎಂಬುದು ನ್ಯಾಯಾಧೀಶರಿಗೆ ಗೊತ್ತಾಗಲಿಕ್ಕಿಲ್ಲ. ನನಗೆ ಗೊತ್ತು. ಅದಕ್ಕೇ ಮೊದಲು ಇದನ್ನು ಓದು.

ನೀನು ಕಲಘಟಗಿಗೆ ಬರುವುದನ್ನು ಸರ್ಫರಾಜನಿಗೆ ತಿಳಿಸಿದ್ದು ಕಾಕಾ ಅಲ್ಲ. ಹಿಂದಿನ ದಿನ ನಾನೇ ನಮ್ಮ ಯಜಮಾನರಿಗೆ ಹೇಳಿದೆ. ಯಾರೂ ನನ್ನನ್ನು ಒತ್ತಾಯ ಮಾಡಿರಲಿಲ್ಲ. ಇವರು ಹೇಳಿದರೆ ಸರ್ಫರಾಜ್ ಕೇಳುತ್ತಾನೆ, ಗೆಳೆಯನ ಮುಂದೆ ಕಣ್ಣೀರು ಹಾಕಿ ತಪ್ಪಾಯಿತು ಎನ್ನುತ್ತಾನೆ, ಕೋರ್ಟಿನ ತನಕ ಹೋಗುವುದು ತಪ್ಪುತ್ತದೆ ಎಂದುಕೊಂಡೆ. "ನೀ ಸುಮ್ಮನಿರು, ನಾ ನೋಡ್ಕೋತೀನಿ" ಎಂದರು ನಮ್ಮವರು. ನೋಡಿಕೊಂಡ ರೀತಿ ನಿನಗೆ ಗೊತ್ತು. ನಾನು ಗೇಟಿನಲ್ಲಿ ನಿಂತಾಗಲೇ ನೀನು ಬರುವುದಿಲ್ಲ ಎಂದು ಮನಸ್ಸು ಹೇಳುತ್ತಿತ್ತು. ಆಮೇಲೆ ನೀನು ಕಾಕಾನನ್ನು ಬೈದಾಗ ನಾನು ಬಾಯಿ ಬಿಡಲಿಲ್ಲ.

ಇನ್ನೊಂದು. ಧಾರಾವಾಹಿ ನಡೆದಿತ್ತು, ನಿಜ. ನೀನು ಕೂಗಿದ್ದು ನನಗೆ ಕೇಳಿಸಿತು. ಏನೋ ಬಿದ್ದ ಸದ್ದು ಕೇಳಿಸಿತು, ಇರಮ್ ಅಳುವುದು ಕೇಳಿಸಿತು. ನಮ್ಮವರು ರಿಮೋಟಿನ ಕಡೆ ನೋಡಿದರು. ಕೈಗೆ ತೆಗೆದುಕೊಂಡು ಸದ್ದು ಏರಿಸಿದವಳು ನಾನು.

ಲಕೋಟೆಗಳನ್ನು ಕೊಡು. ಒಳಗಿನದನ್ನು ಕೇಳಿದರೆ ಅದನ್ನೂ ಕೊಡು, ಇದನ್ನೂ ಕೊಡು. ನಿನ್ನೆ ನಮ್ಮವರಿಗೆ ನಾನೇ ಎಲ್ಲ ಹೇಳಿದ್ದೇನೆ, ಬೇರೆಯವರಿಂದ ಕೇಳುವುದು ಬೇಡವೆಂದು. ಅವರು ಊಟದ ತಾಟು ಸರಿಸಿ ಎದ್ದರು. ಮಾತು ನಿಂತಿದೆ. ನಿಲ್ಲಲಿ.

ನೀನು ಇದಕ್ಕೆ ಉತ್ತರ ಬರೆಯದಿದ್ದರೂ ನಡೆದೀತು.

ನಂದಾ

*

ಗುಡಗೇರಿ
೩ ಸೆಪ್ಟೆಂಬರ್ ೨೦೨೪

ನಂದಾ,

ನಿನ್ನ ಕಾಗದ ಹದಿನೇಳಕ್ಕೆ ಮುಟ್ಟಿತು. ಇಷ್ಟು ದಿನ ಉತ್ತರ ಬರೆಯಲಿಲ್ಲ. ಕೋರ್ಟಿನ ಗಡಿಬಿಡಿ ಎಂದು ಹೇಳಬಹುದು, ಆದರೆ ಸುಳ್ಳಾಗುತ್ತದೆ. ಸಿಟ್ಟು ಬಂದಿತ್ತು. ಬಸ್ಸಿನ ಕಿಟಕಿಯ ಕೆಳಗೆ ಅವನು ನಗುತ್ತಿದ್ದ ಮುಖ ಕಣ್ಣಿಗೆ ಬಂದಾಗಲೆಲ್ಲ ಅದರ ಹಿಂದೆ ನಿನ್ನ ಮುಖವೂ ಬರುತ್ತಿತ್ತು.

ಕೋರ್ಟಿನಲ್ಲಿ ನಡೆದದ್ದನ್ನು ಬರೆಯುತ್ತೇನೆ. ಇಪ್ಪತ್ತನೆಯ ತಾರೀಖು ಖಾಲಾನೂ ಬಂದಳು. ಜೀವಮಾನದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ. ಹಬ್ಬದ ಸೀರೆ ಉಟ್ಟುಕೊಂಡಿದ್ದಳು. ವರದಿಯಲ್ಲಿ ನೀವೇ ಹೀಗೆ ಹೇಳಿದ್ದೀರಲ್ಲ ಎಂದು ಎದುರಿನ ವಕೀಲರು ಕೇಳಿದರು. ಖಾಲಾ ಅವರ ಕಡೆ ನೋಡಲೇ ಇಲ್ಲ, ನ್ಯಾಯಾಧೀಶರಿಗೆ ಕೈ ಮುಗಿದಳು.

"ಹೇಳೀನ್ರಿ ಸಾಹೇಬ್ರ. ಮದಿವಿ ಆದ ಮಗಳು ತವರಿಗೆ ಬಂದ್ರ ನಾವು ನಾಲ್ಕ್ ದಿವಸ ಅಂತನ ಹೇಳ್ತೀವ್ರಿ. ಆರ್ ತಿಂಗಳಾದ್ರೂ ನಾಲ್ಕ ದಿವಸನ. ಕಾಯಮ್ ಬಂದಾಳ ಅಂದ್ರ ಓಣ್ಯಾಗಿನ ಮಂದಿ ನೂರಾ ಎಂಟ ಕೇಳ್ತಾರ್ರಿ. ಈ ಹುಡುಗಿ ಮುರುದ ಕೈ ಹಿಡ್ಕೊಂಡ ಬಂದಾಳ್ರಿ. ಎಲ್ಲಿಗೆ ಹೊಳ್ಳಿ ಹೋಗ್ತಾಳ್ರಿ? ನನ್ನ ಮಾತ ಸುಳ್ಳ, ಆಕಿ ಇರೂದ ಖರೇನ್ರಿ."

ನಾಜಮೀನ್ ಶಾಲೆಯ ಪತ್ರ ಕೊಟ್ಟಳು. ಆಮೇಲೆ ನಿನ್ನ ಮೂರು ಲಕೋಟೆ. ಜೂನಿನದು, ಜುಲೈಯದು, ಆಗಸ್ಟಿನದು. ಒಳಗಿನ ಕಾಗದವನ್ನೂ ಹಾಜರುಪಡಿಸಲಿ ಎಂದು ಎದುರಿನ ವಕೀಲರು ಎದ್ದು ನಿಂತರು. ನ್ಯಾಯಾಧೀಶರು ಲಕೋಟೆಗಳನ್ನು ತಿರುವಿ ತಿರುವಿ ಮುದ್ರೆ ನೋಡಿ, ನನಗೆ ಬೇಕಾದದ್ದು ವಿಳಾಸ ಮತ್ತು ತಾರೀಖು, ಒಳಗೆ ಏನಿದೆ ಎಂಬುದು ಇವರ ಸ್ವಂತ ವಿಷಯ ಎಂದರು. ಒಂದು ಕಾಗದವನ್ನೂ ಓದಲಿಲ್ಲ, ನಂದಾ. ಬರೆದವರು ಯಾರೆಂದು ಆ ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ. ನೀನು ಮನೆಯಲ್ಲಿ ಹೇಳದೆ ಇದ್ದಿದ್ದರೂ, ನನಗೆ ಬರೆಯದೆ ಇದ್ದಿದ್ದರೂ ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ಅದನ್ನು ಯೋಚಿಸುತ್ತಲೇ ಮನೆಗೆ ಬಂದೆ. ಸಿಟ್ಟು ಅವತ್ತೇ ಇಳಿಯಲಿಲ್ಲ, ಆದರೆ ಇಳಿಯತೊಡಗಿತು.

ಇಪ್ಪತ್ತೇಳಕ್ಕೆ ಆದೇಶವಾಯಿತು. ಇದು ಮಧ್ಯಂತರ ಆದೇಶ, ಕೇಸು ಇನ್ನೂ ಇದೆ. ಅವನು ಈ ಮನೆಯ ಹತ್ತಿರವಾಗಲಿ ಇರಮ್‌ಳ ಶಾಲೆಯ ಹತ್ತಿರವಾಗಲಿ ಬರುವ ಹಾಗಿಲ್ಲ. ಫೋನು ಮಾಡುವ ಹಾಗಿಲ್ಲ, ಬೇರೆಯವರ ಕೈಲಿ ಹೇಳಿಕಳಿಸುವ ಹಾಗೂ ಇಲ್ಲ. ಕಲಘಟಗಿ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೂ ದೂರ ನಿಲ್ಲಬೇಕು. ನಕಲು ಪ್ರತಿಯನ್ನು ಖಾಲಾ ರೊಟ್ಟಿ ಬುಟ್ಟಿಯ ಮೇಲಿನ ಮೊಳೆಗೆ ಸಿಕ್ಕಿಸಿದ್ದಾಳೆ. ಓದಲು ಬಾರದಿದ್ದರೂ ಬಂದವರಿಗೆಲ್ಲ ಬೆರಳು ಮಾಡಿ ತೋರಿಸುತ್ತಾಳೆ. ಮೊನ್ನೆ ಹಾಲಿನವಳು ಇನ್ನೂ ಎಷ್ಟು ದಿನ ಇರುತ್ತಾಳೆ ಎಂದು ಕೇಳಿದ್ದಕ್ಕೆ, "ನೀ ದಿನಾ ಒಂದ್ ಲೀಟರ್ ಹೆಚ್ಚಿಗಿ ಹಾಕ್ಕೋಂತ ಹೋಗ ಬೇ, ನಿಂಗ್ಯಾಕ ಬೇಕು ಲೆಕ್ಕ" ಎಂದು ಗದರಿಸಿ ಕಳಿಸಿದಳು.

ಇನ್ನೊಂದು ಮಾತು ಉಳಿದಿದೆ. ಟಿ.ವಿ. ಸದ್ದು ಏರಿದ್ದು ಆ ಸಂಜೆಯೇ ನನಗೆ ಕೇಳಿಸಿತ್ತು. ನೆಲದ ಮೇಲೆ ಬಿದ್ದಲ್ಲಿಂದಲೇ ಕೇಳಿಸಿಕೊಂಡೆ. ಮೊದಲ ಕಾಗದದಲ್ಲಿ ಧಾರಾವಾಹಿಯ ಮಾತು ತೆಗೆದದ್ದು ಅದಕ್ಕೇ. ನಿನಗೆ ಕೇಳಿಸಿರಲಿಕ್ಕಿಲ್ಲ ಎಂದು ನಾನೇ ಬರೆದುಕೊಟ್ಟೆ, ನೀನು ಹೌದು ಎಂದು ಹಿಡಿದುಕೊಂಡೆ. ಬೇರೆ ಯಾರೂ ಇರಲಿಲ್ಲ ನನಗೆ, ನಿನ್ನನ್ನು ಕಳೆದುಕೊಂಡು ಯಾರಿಗೆ ಬರೆಯಲಿ? ಈಗ ನೀನೇ ಹೇಳಿದೆ. ಇನ್ನು ನಾನು ಅದನ್ನು ಹೊತ್ತುಕೊಂಡು ತಿರುಗಬೇಕಾಗಿಲ್ಲ.

ನಿಮ್ಮ ಮನೆಯಲ್ಲಿ ಇನ್ನೂ ಮಾತು ನಿಂತಿದೆಯೇ? ತಾಟು ಸರಿಸಿ ಎದ್ದರು ಎಂದು ಬರೆದೆಯಲ್ಲ, ಅದೊಂದು ಸಾಲನ್ನು ಬಹಳ ಸಲ ಓದಿದೆ. ನನ್ನ ಮನೆಯಲ್ಲೂ ಮೊದಲು ತಾಟು ಸರಿದಿತ್ತು. ಹಾಗೇನೂ ಇಲ್ಲ ಎಂದು ನೀನು ಬರೆದರೆ ನಂಬುತ್ತೇನೆ, ಆದರೆ ಒಮ್ಮೆ ನಿನ್ನನ್ನು ಕಣ್ಣಾರೆ ನೋಡಿದ ಮೇಲೆ ನಂಬುತ್ತೇನೆ.

ಬಾ. ಹುಬ್ಬಳ್ಳಿಯಿಂದ ರೈಲು ಹತ್ತು, ಸ್ಟೇಶನ್ನಿನಲ್ಲಿ ಇರಮ್ ಮತ್ತು ನಾನು ನಿಂತಿರುತ್ತೇವೆ. ಮನೆಯಲ್ಲಿ ಕೇಳಿದರೆ ನಾಲ್ಕು ದಿನಕ್ಕೆ ಹೋಗುತ್ತೇನೆ ಎಂದು ಹೇಳಿ ಬಾ. ಇಲ್ಲಿ ಯಾರೂ ಎಣಿಸುವುದಿಲ್ಲ.

ನಿನ್ನ
ರೂಬಿ